ಹಸಿ ವಾಸನೆ ಹೋಗುವವರೆಗೆ

ಮಾರ್ಚ್ ೪, ಮಂಗಳವಾರ

ಈ ಪುಸ್ತಕ ಕೊಟ್ಟವರು ಆಸ್ಪತ್ರೆಯ ಮಾತಿನ ಮೇಡಂ. ಗಂಟಲಿನ ಆಪರೇಷನ್ ಆದವರಿಗೆ ನುಂಗುವುದನ್ನೂ ಮಾತಾಡುವುದನ್ನೂ ಮತ್ತೆ ಕಲಿಸುವುದು ಅವರ ಕೆಲಸ. "ನಿಮ್ಮ ಮನೆಯವರು ದಿನಾ ಏನು ತಿಂದ್ರು, ಎಷ್ಟು ತಿಂದ್ರು, ಬರೆದಿಡಿ" ಅಂದರು. ಅದನ್ನು ಪುಸ್ತಕದ ಮೊದಲ ಹಾಳೆಯಿಂದ ಬರೆಯುತ್ತಿದ್ದೇನೆ. ಕೊನೆಯ ಹಾಳೆಗಳು ಸುಮ್ಮನೆ ಬಿದ್ದಿರುತ್ತವಲ್ಲ, ಅಲ್ಲಿ ಇದು. ಯಾರಿಗೂ ತೋರಿಸುವುದಕ್ಕಲ್ಲ. ಎಲ್ಲ ತಲೆಯಲ್ಲೇ ಇಟ್ಟುಕೊಂಡರೆ ಬಣ್ಣ ಹೊಡೆಯುವಾಗ ಏಣಿಯ ಮೇಲೆ ಕಾಲು ತಪ್ಪುತ್ತದೆ. ನಾನೂ ಬಿದ್ದು ಮಲಗಿದರೆ ಹೆಂಡತಿಗೆ ಯಾರು?

ಶಾಲೆಗೆ ಹೋದದ್ದು ಆರನೆಯ ತರಗತಿವರೆಗೆ, ಅದೂ ಬಿಟ್ಟು ಬಿಟ್ಟು. ಬಣ್ಣದ ಡಬ್ಬಿಗಳ ಮೇಲಿನದನ್ನು ಓದಿ ಓದಿ ಅಕ್ಷರ ಉಳಿದುಕೊಂಡಿದೆ, ಅಷ್ಟೇ.

ನಿನ್ನೆ ಅವಳಿಗೆ ಊಟ ಹೋಗುತ್ತಿದ್ದ ಮೂಗಿನ ನಳಿಕೆ ತೆಗೆದರು. ಧ್ವನಿಪೆಟ್ಟಿಗೆ ತೆಗೆದು ಏಳು ವಾರವಾಯಿತು. ಈಗ ಉಸಿರೆಲ್ಲ ಕುತ್ತಿಗೆಯ ತೂತಿನಿಂದ. ಬಾಯಿಯಿಂದ ತಿನ್ನಬಹುದು ಅಂದಿದ್ದಾರೆ. ಆದರೆ ಅವಳು ತಿನ್ನುತ್ತಿಲ್ಲ. ಮೂಗಿನಲ್ಲಿ ಗಾಳಿ ಆಡುವುದಿಲ್ಲವಾದ್ದರಿಂದ ವಾಸನೆ ಇಲ್ಲ, ವಾಸನೆ ಇಲ್ಲದ್ದಕ್ಕೆ ರುಚಿಯೂ ಇಲ್ಲ. ಎರಡು ಚಮಚ ಗಂಜಿ ನುಂಗಿ ಸ್ಲೇಟಿನಲ್ಲಿ ಬರೆದಳು: "ಒದ್ದೆ ಪೇಪರು."

ನಲವತ್ತೊಂದು ಕೆಜಿ ಇದ್ದಾಳೆ. ಮೂವತ್ತೊಂದನೇ ತಾರೀಕಿಗೆ ನಲವತ್ತಮೂರು ಆಗದಿದ್ದರೆ ಮತ್ತೆ ನಳಿಕೆ ಅಂದಿದ್ದಾರೆ ಡಾಕ್ಟರು. ನಳಿಕೆ ಅನ್ನುತ್ತಲೇ ಅವಳು ಗೋಡೆ ಕಡೆ ಮುಖ ಮಾಡಿದಳು.

ಇವತ್ತು ಆ ದನಿಯನ್ನು ಒಂಬತ್ತು ಸಲ ಕೇಳಿದೆ. ಗ್ಯಾಸಿನ ನಾಬು ಮೂರು ಸಲ ನೋಡಿದೆ.

ಮಾರ್ಚ್ ೫, ಬುಧವಾರ

ದನಿ ಅಂದರೆ ಫೋನಿನಲ್ಲಿ ಉಳಿದ ಅವಳ ಒಂದು ಹಳೇ ಮೆಸೇಜು. ಹನ್ನೊಂದು ಸೆಕೆಂಡು. ಆವತ್ತು ನಾನು ಏಣಿಯ ಮೇಲಿದ್ದೆ, ಫೋನು ಎತ್ತಲಿಲ್ಲ. ಎತ್ತಿದ್ದರೆ ಇದೂ ಇರುತ್ತಿರಲಿಲ್ಲ. "ರೀ, ಬರ್ತಾ ಅರ್ಧ ಲೀಟರ್ ಹಾಲು ತನ್ನಿ. ಮರೀಬೇಡಿ. ಮರೆತ್ರೆ ಬೆಳಿಗ್ಗೆ ಬ್ರಷ್ ತೊಳೆದ ನೀರೇ ಗತಿ." ಕೊನೆಯಲ್ಲಿ ಒಂದು ನಗು ಶುರುವಾಗುತ್ತದೆ, ಅರ್ಧಕ್ಕೇ ಕಟ್ ಆಗುತ್ತದೆ. ಆ ಬಾಯಿಗೆ ಹೆದರಿ ಹದಿನೇಳು ವರ್ಷ ಬಾಳಿದವನು ನಾನು. ಈಗ ಅದರ ಅರ್ಧ ನಗುವಿಗೆ ಕಿವಿ ಇಟ್ಟು ಕೂರುತ್ತೇನೆ. ಫೋನು ಬಣ್ಣದ ಬಕೆಟ್ಟಿಗೆ ಬಿದ್ದರೆ? ಎರಡು ಪ್ಲಾಸ್ಟಿಕ್ ಕವರು ಸುತ್ತಿದ್ದೇನೆ.

ಸಂಜೆ ಕೇಳಿದೆ, "ಏನಾದ್ರೂ ಒಂದು ಹೇಳು. ಏನು ತಿನ್ನಬೇಕು ಅನ್ಸತ್ತೆ?" ಸ್ಲೇಟು ಮಡಿಲಿಗೆಳೆದುಕೊಂಡಳು. ಆಮೇಲೆ ಬರೆದಳು: "ನನ್ನ ಬಿಳಿ ಪಾಸ್ತಾ."

ಹುಡುಗಿಯರ ಹಾಸ್ಟೆಲಿನಲ್ಲಿ ಹದಿನಾಲ್ಕು ವರ್ಷ ಅಡುಗೆ ಮಾಡಿದವಳು. ಗುರುವಾರ ಅವಳ ಬಿಳಿ ಸಾಸಿನ ಪಾಸ್ತಾಕ್ಕೆ ಇನ್ನೂರು ಹುಡುಗಿಯರು ತಟ್ಟೆ ಹಿಡಿದು ಸಾಲು ನಿಲ್ಲುತ್ತಿದ್ದರಂತೆ. ನನಗೆಂದು ಡಬ್ಬಿ ತುಂಬಿ ತರುತ್ತಿದ್ದಳು. ನಾನು ಮುಚ್ಚಳ ತೆಗೆದು, "ಇವತ್ತು ಯಾವ ಗೋಡೆಗೆ ಡಿಸ್ಟೆಂಪರ್ ಹೊಡೆದೆ?" ಅನ್ನುತ್ತಿದ್ದೆ. ಅವಳು, "ನಿಮ್ಮ ಬಾಯಿಗೆ ಹೊಡೆಯೋಕೆ ಒಂದು ಕೋಟು ಉಳಿಸಿದೀನಿ" ಅನ್ನುತ್ತಿದ್ದಳು. ಒಂದು ದಿನವೂ ತಿನ್ನಲಿಲ್ಲ. ಅದರ ರುಚಿ ಹೇಗಿತ್ತೋ ನನಗೆ ಗೊತ್ತೇ ಇಲ್ಲ. ಈಗ ನಾನೇ ಅದನ್ನು ಮಾಡಬೇಕು. ಹಬೆ, ಹೊಗೆ ಹತ್ತಿರ ಅವಳು ಹೋಗುವ ಹಾಗಿಲ್ಲ.

ಮಾರ್ಚ್ ೭, ಶುಕ್ರವಾರ

ಮಾಡಿದೆ. ಹಾಳಾಯಿತು.

ಕಾದ ಹಾಲಿಗೆ ಮೈದಾ ಸುರಿದೆ. ಗೋಲಿಯ ಹಾಗೆ ಗಂಟುಗಳು ತೇಲಿದವು. ಅವಳು ಅಡುಗೆಮನೆ ಬಾಗಿಲಲ್ಲಿ ಸ್ಟೂಲು ಹಾಕಿ ಕೂತಿದ್ದಳು. ಚಮಚದಿಂದ ತಟ್ಟೆಗೆ ಎರಡು ಸಲ ಬಡಿದಳು. ಒಂದು ಬಡಿದರೆ ಹೌದು ಅಥವಾ ಬನ್ನಿ, ಎರಡು ಬಡಿದರೆ ಅಲ್ಲ, ಬೇಡ, ನಿಲ್ಲಿಸಿ. ಬಣ್ಣ ಸೋಸಲು ತಂದ ಹೊಸ ಬಟ್ಟೆ ಇತ್ತು, ಅದರಲ್ಲಿ ಸೋಸಿದೆ. ಗಟ್ಟಿಯಾಯಿತೆಂದು ತಣ್ಣೀರು ಹಾಕಿದೆ. ಆಗಂತೂ ಎರಡೆರಡು ಬಡಿತ, ಟಕಟಕ ಟಕಟಕ, ತಟ್ಟೆ ಒಡೆದೀತು ಅನ್ನುವ ಹಾಗೆ.

ಸ್ಲೇಟು: "ಇದು ಸುಣ್ಣ ಅಲ್ಲ."

ಬೈದಳು ಅನ್ನುವುದೇ ಸ್ವಲ್ಪ ಸಮಾಧಾನ. ದನಿ ಏಳು ಸಲ. ನಾಬು ಮೂರು.

ಮಾರ್ಚ್ ೯, ಭಾನುವಾರ

ಕೆಲಸಕ್ಕೆ ರಜೆ. ಸ್ಲೇಟಿನಲ್ಲಿ ಪೂರ್ತಿ ಬರೆಸಿಕೊಂಡೆ. ಬರೆದು, ಒರೆಸಿ, ಬರೆದು, ನಾಲ್ಕು ಸ್ಲೇಟು ಆಯಿತು. ಒಂದೊಂದು ಪದಕ್ಕೂ ನಾನು ತಡವರಿಸಿದಾಗ ಬಳಪದ ತುದಿಯಿಂದ ಅಕ್ಷರ ತೋರಿಸಿದಳು.

ಬೆಣ್ಣೆ ಎರಡು ಚಮಚ, ಸಣ್ಣ ಉರಿ. ಜಜ್ಜಿದ ಬೆಳ್ಳುಳ್ಳಿ ಎರಡು ಎಸಳು. ಮೈದಾ ಎರಡು ಚಮಚ. ಹಸಿ ವಾಸನೆ ಹೋಗುವವರೆಗೆ ಹುರಿಯಬೇಕು. ಒಲೆಯಿಂದ ಇಳಿಸಿ ಹಾಲು, ಮೊದಲು ಒಂದು ಸೌಟು, ಕಲಸು, ಮತ್ತೊಂದು ಸೌಟು. ಮತ್ತೆ ಒಲೆ. ಗಟ್ಟಿಯಾದರೆ ಪಾಸ್ತಾ ಬೇಯಿಸಿದ ಬಿಸಿ ನೀರು. ಕೊನೆಗೆ ಚೀಸು, ಚಿಟಿಕೆ ಜಾಯಿಕಾಯಿ.

ಹಸಿ ವಾಸನೆ ಹೋಗುವವರೆಗೆ. ಅಲ್ಲೇ ಸಿಕ್ಕಿಬಿದ್ದೆ.

ಇದನ್ನು ಇಲ್ಲಿ ಬರೆಯಬಹುದು, ಯಾರೂ ನೋಡುವುದಿಲ್ಲ. ನನ್ನ ಮೂಗು ಹೋಗಿ ಆರು ವರ್ಷ. ಥಿನ್ನರು, ಟರ್ಪೆಂಟೈನು, ಬಾಗಿಲು ಹಾಕಿದ ಕೋಣೆಗಳು. ವಾಸನೆ ಮೊದಲು ಮಂದವಾಯಿತು, ಆಮೇಲೆ ಇಲ್ಲವೇ ಇಲ್ಲ. ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಆವತ್ತೇ ಬ್ರಷ್ ಕಿತ್ತು ಬಿಸಾಡುತ್ತಿದ್ದಳು. ಬೇರೆ ಕೆಲಸ ನನಗೇನು ಬರುತ್ತದೆ? ಹೊಸ ಸೋಪು ತಂದು "ಹೇಗಿದೆ ವಾಸನೆ?" ಅಂದರೆ "ಘಮ್ ಅಂತಿದೆ" ಅನ್ನುತ್ತಿದ್ದೆ. ಗ್ಯಾಸು ಸೋರಿದರೆ ಅವಳಿದ್ದಾಳಲ್ಲ ಅಂತ ಧೈರ್ಯ. ಈಗ ಅವಳ ಮೂಗೂ ಇಲ್ಲ. ಎರಡು ಜನ, ಒಂದು ಮೂಗೂ ಇಲ್ಲದ ಮನೆ. ಅದಕ್ಕೇ ನಾಬು ಮೂರು ಸಲ.

ಆಮೇಲೆ ಹೊಳೆಯಿತು. ಚೀಲದಿಂದ ಗಿರಾಕಿಗಳಿಗೆ ಬಣ್ಣ ತೋರಿಸುವ ಷೇಡ್ ಕಾರ್ಡು ತಂದೆ. ಮೈದಾ ಹುರಿಯುತ್ತ ಸ್ವಲ್ಪ ಸ್ವಲ್ಪ ಚಮಚದಲ್ಲಿ ಎತ್ತಿ ಅವಳಿಗೆ ತೋರಿಸುತ್ತ ಹೋದೆ. ಒಂದು ಹಂತದಲ್ಲಿ ಅವಳು ಒಮ್ಮೆ ಬಡಿದಳು. ಕಾರ್ಡು ಹಿಡಿದು ನೋಡಿದೆ. ಮೂರನೇ ಸಾಲು, ಎರಡನೇ ಚೌಕ, ದಂತದ ಬಣ್ಣ. ಹಾಗೆಯೇ ಬೆಳ್ಳುಳ್ಳಿಗೂ ಒಂದು ಚೌಕಕ್ಕೆ ಗುರುತು ಹಾಕಿದೆ.

ಅವಳ ಭುಜ ಕುಲುಕುತ್ತಿತ್ತು. ಕೆಮ್ಮು ಬಂತೆಂದು ಗಾಬರಿಯಿಂದ ಓಡಿದೆ. ನಗುತ್ತಿದ್ದಳು. ಸದ್ದಿಲ್ಲದ ನಗು.

ಮಾರ್ಚ್ ೧೩, ಗುರುವಾರ

ಇವತ್ತು ಸಾಸು ಕೂಡಿಬಂತು. ಚಮಚದ ಹಿಂಭಾಗಕ್ಕೆ ಒಂದೇ ಸಮನಾಗಿ ಹತ್ತಿತು. ಬೆರಳಿನಿಂದ ನಡುವೆ ಗೆರೆ ಎಳೆದೆ, ಎರಡೂ ಕಡೆಯಿಂದ ಇಳಿದು ಗೆರೆ ಮುಚ್ಚಲಿಲ್ಲ. ಕೋಲದ್ದಿ ಬಣ್ಣದ ಹದ ನೋಡುವುದೂ ಹೀಗೆಯೇ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಆದರೆ ಅಷ್ಟು ಗಟ್ಟಿ ಅವಳ ಗಂಟಲಲ್ಲಿ ನಿಂತುಬಿಡುತ್ತದೆ. ಗೆರೆ ಎಳೆದು ಮೂರು ಎಣಿಸುವಷ್ಟರಲ್ಲಿ ಮುಚ್ಚಬೇಕು. ಅಷ್ಟು ತೆಳು ಮಾಡಿದೆ. ಪಾಸ್ತಾ ಮೆತ್ತಗೆ ಬೇಯಿಸಿ ಕತ್ತರಿಸಿದೆ. ಕಾಳುಮೆಣಸು ಬಿಟ್ಟೆ, ಉರಿಯುತ್ತದಂತೆ.

ಅರ್ಧ ಬಟ್ಟಲು ತಿಂದಳು!

ತಿನ್ನುವ ಮೊದಲು ಸ್ಲೇಟು ಹಿಡಿದಳು: "ನೀವು ತಿಂದು ಹೇಳಿ. ಹೇಗಿದೆ?"

ಹದಿನಾಲ್ಕು ವರ್ಷ ಬೇಡವೆಂದದ್ದನ್ನು ಬಾಯಿಗಿಟ್ಟೆ. "ಚೆನ್ನಾಗಿದೆ" ಅಂದೆ.

ಎರಡು ಬಡಿತ. ಸ್ಲೇಟು: "ಚೆನ್ನಾಗಿದೆ ಅನ್ನೋದು ರುಚಿ ಅಲ್ಲ. ನಿಮ್ಮ ನಾಲಿಗೆ ನನಗೆ ಸಾಲ ಕೊಡಿ."

ಏನು ಹೇಳಲಿ? "ಉಪ್ಪಿದೆ. ಮೆತ್ತಗಿದೆ" ಅಂದೆ. "ಬೆಳ್ಳುಳ್ಳಿ?" ಅಂತ ಬರೆದಳು. "ಘಮ್ ಅಂತಿದೆ" ಅಂದೆ. ನಂಬಿ ಕಣ್ಣು ಮುಚ್ಚಿ ತಿಂದಳು.

ಮಾರ್ಚ್ ೧೬, ಭಾನುವಾರ

ನಲವತ್ತೊಂದು ಮುಕ್ಕಾಲು. ಪಕ್ಕದ ಬೀದಿಯ ಔಷಧಿ ಅಂಗಡಿಯ ತೂಕದಲ್ಲಿ. ಅದು ಸರಿ ತೋರಿಸುತ್ತದೋ ಇಲ್ಲವೋ. ನಾನೂ ನಿಂತು ನೋಡಿದೆ, ನನ್ನದೂ ಹೆಚ್ಚು ತೋರಿಸಿತು. ಸಾಸು ತಿಂದು ನಾನೂ ಏರಿರಬೇಕು.

ಬೆಂದ ಮೊಟ್ಟೆಯ ಹಳದಿ ಅರೆದು ಸಾಸಿಗೆ ಸೇರಿಸುತ್ತೇನೆ, ತೂಕಕ್ಕೆ. ಬೆಂದ ಗಜ್ಜರಿಯನ್ನೂ ಒಂದು ದಿನ ಅರೆದು ಹಾಕಿದೆ. ಇವತ್ತು ರುಚಿ ಹೇಳುವಾಗ ಗೋಡೆಯೇ ನೆನಪಿಗೆ ಬಂತು. "ಮೊದಲು ಉಪ್ಪು ಮೇಲೆ ನಿಲ್ಲತ್ತೆ. ಆಮೇಲೆ ಬೆಣ್ಣೆ, ಅದು ಹೊಸ ಗೋಡೆ ಪ್ರೈಮರ್ ಕುಡಿದ ಹಾಗೆ ನಾಲಿಗೆ ಒಳಗೇ ಇಳಿಯತ್ತೆ. ಗಜ್ಜರಿ ಸಿಹಿ ಕೊನೆಗೆ, ಬಾಗಿಲ ಹಿಂದೆ ನಿಂತ ಮಗು ಥರ." ಅವಳು ನನ್ನನ್ನೇ ನೋಡಿದಳು. ಒಂದು ಬಡಿತ. ಮುಕ್ಕಾಲು ಬಟ್ಟಲು.

ಮಾರ್ಚ್ ೨೦, ಗುರುವಾರ

ಹನ್ನೊಂದಕ್ಕೆ ಒಂದು ಮಿಸ್ಡ್ ಕಾಲು, ಎರಡಕ್ಕೆ ಒಂದು. ನಾನು ಕೆಲಸದಲ್ಲಿದ್ದಾಗ ಅವಳು ಹುಷಾರಾಗಿದ್ದಾಳೆ ಅನ್ನುವುದಕ್ಕೆ ಅದೇ ಗುರುತು. ಇವತ್ತು ಎರಡರದ್ದು ಬರಲಿಲ್ಲ. ಎರಡೂ ಹತ್ತಕ್ಕೆ ಬ್ರಷ್ ಬಿಟ್ಟು ಓಡಿದೆ. ಜೊತೆಗೆ ಕೆಲಸ ಮಾಡುವವನು, ಉದ್ದಕ್ಕಿದ್ದಾನೆಂದು ಅವನನ್ನು ಏಣಿ ಅನ್ನುತ್ತೇವೆ, ಹಿಂದಿನಿಂದ ಕೂಗಿದ, "ಲೋ, ಪ್ಯಾಂಟಿಗೆ ಬಣ್ಣ! ಮೊದಲು ಒಂದು ಕಡೆ ಒಣಗೋ ಮಾರಾಯ!"

ನಿದ್ದೆ ಮಾಡಿದ್ದಳು. ಎದ್ದು ಸ್ಲೇಟು ತೆಗೆದುಕೊಂಡಳು: "ಹೊಟ್ಟೆ ತುಂಬಿದ್ರೆ ನಿದ್ದೆ ಬರತ್ತೆ. ಗೊತ್ತಿಲ್ವಾ?"

ದನಿ ಎರಡು ಸಲ.

ಮಾರ್ಚ್ ೨೩, ಭಾನುವಾರ

ನಾದಿನಿ ಬಂದಿದ್ದಳು. ಅಕ್ಕನನ್ನು ನೋಡಿ ಅತ್ತು, ಮುಖ ತೊಳೆದು, "ಭಾವ, ನಾನೂ ಇವತ್ತು ನಿಮ್ಮ ಕೈರುಚಿ ನೋಡೇ ಹೋಗೋದು" ಅಂತ ಕೂತಳು. ಸಂಜೆ ಮಾಡಿದೆ. ಅಡುಗೆಮನೆಯ ಟ್ಯೂಬ್‌ಲೈಟು ಕೆಟ್ಟಿತ್ತು, ಹಳೆಯ ಹಳದಿ ಬಲ್ಬು ಹಾಕಿದ್ದೆ. ಷೇಡ್ ಕಾರ್ಡು ಹಿಡಿದು ನೋಡಿಯೇ ಬೆಳ್ಳುಳ್ಳಿ ಹುರಿದೆ.

ಅವಳು ಎಂದಿನ ಹಾಗೆ ಸ್ಲೇಟಿನಲ್ಲಿ ಕೇಳಿದಳು, ಬೆಳ್ಳುಳ್ಳಿ? ನಾನು ಎಂದಿನ ಹಾಗೆ, "ಘಮ್ ಅಂತಿದೆ."

ನಾದಿನಿ ತುತ್ತು ಬಾಯಿಗಿಟ್ಟವಳು ಅಲ್ಲೇ ನಿಲ್ಲಿಸಿದಳು. "ಏನ್ ಭಾವ ಇದು? ಬೆಳ್ಳುಳ್ಳಿ ಕರಕಲಾಗಿದೆ. ಮನೆಯೆಲ್ಲ ಸುಟ್ಟ ವಾಸನೆ. ಘಮ್ ಅಂತೆ! ನಿಮಗೇನು ಮೂಗಿಲ್ವಾ?"

ತಮಾಷೆಗೆ ಅಂದದ್ದು. ನಾನು ನಗಬೇಕಿತ್ತು. ನಗು ಬರಲಿಲ್ಲ. ಹಳದಿ ಬೆಳಕಿನಲ್ಲಿ ಷೇಡು ನೋಡಬಾರದು, ಕೆಲಸ ಕಲಿತ ಮೊದಲ ವಾರ ಹೇಳಿಕೊಡುವ ಪಾಠ. ಇಪ್ಪತ್ತೆರಡು ವರ್ಷ ಬಣ್ಣ ಹೊಡೆದವನು ಅದನ್ನೇ ಮರೆತೆ.

ನಾದಿನಿ ಹೋದ ಮೇಲೆ ಸ್ಲೇಟು: "ಎಷ್ಟು ವರ್ಷದಿಂದ?"

ಆರು ಅಂದೆ.

ಅವಳು ಬರೆದಳು, ಒರೆಸಿದಳು. ಬರೆದಳು, ಒರೆಸಿದಳು. ಕೊನೆಗೆ ಉಳಿಸಿದ್ದು: "ಸೋಪು?"

ಸ್ಲೇಟನ್ನು ಬೋರಲು ಹಾಕಿ ಮಲಗಿದಳು.

ಮಾರ್ಚ್ ೨೪, ಸೋಮವಾರ

ಎರಡು ಚಮಚ. ಬಡಿತ ಇಲ್ಲ. ಮಿಸ್ಡ್ ಕಾಲ್ ಬಂತು, ಎರಡೂ. ಕೋಪದಲ್ಲೂ ಅದನ್ನು ತಪ್ಪಿಸಲಿಲ್ಲ.

ದನಿ ಹದಿನಾಲ್ಕು ಸಲ. ಆ ನಗು ಮುಂದೆ ಹೇಗೆ ಹೋಗುತ್ತಿತ್ತು ಅಂತ ನೆನಪು ಮಾಡಿಕೊಳ್ಳಲು ನೋಡಿದೆ. ಸಿಗಲಿಲ್ಲ. ದಿನಾ ಕೇಳಿದ್ದಕ್ಕೆ ಯಾರು ಗಮನ ಕೊಡುತ್ತಾರೆ?

ಮಾರ್ಚ್ ೨೬, ಬುಧವಾರ

ಮಾತಿನ ಮೇಡಂ ಹತ್ತಿರ ಹೋಗಿದ್ದೆವು. ಅವಳೇ ಸ್ಲೇಟಿನಲ್ಲಿ ಬರೆದುಕೊಂಡು ಹೋಗಿದ್ದಳು, ನನಗೆ ತೋರಿಸಿರಲಿಲ್ಲ. ಮೇಡಂ ಗಟ್ಟಿಯಾಗಿ ಓದಿದರು: "ಇವರ ಮೂಗು ಹೋಗಿದೆ. ನನ್ನದಾದರೂ ವಾಪಸು ಬರಬೇಕು. ಮನೆಯಲ್ಲಿ ಗ್ಯಾಸ್ ಇದೆ. ಇವರು ಹೆದರುತ್ತಾರೆ."

ನಾನು ನಾಬು ನೋಡುವುದನ್ನು ಅವಳು ಯಾವಾಗ ನೋಡಿದಳು? ಯಾವತ್ತೂ ಬೆನ್ನು ಮಾಡಿ ಮಲಗಿರುತ್ತಾಳೆ.

ಮೇಡಂ ಒಂದು ಉಪಾಯ ಕಲಿಸಿದರು. ತುಟಿ ಮುಚ್ಚಿಕೊಂಡೇ ಆಕಳಿಸಬೇಕು. ದೊಡ್ಡವರ ಎದುರು ಆಕಳಿಕೆ ಬಂದಾಗ ಬಾಯಿ ತೆರೆಯದೆ ನುಂಗಿಕೊಳ್ಳುತ್ತೇವಲ್ಲ, ಹಾಗೆ. ದವಡೆ ಕೆಳಗಿಳಿದಾಗ ಮೂಗಿನಿಂದ ಚೂರು ಗಾಳಿ ಒಳಗೆ ಬರುತ್ತದಂತೆ. ಅಷ್ಟು ಗಾಳಿ ಸಾಕಂತೆ. ಕೆಲವರಿಗೆ ಬೇಗ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ ಅಂದರು. ನಾನೂ ಮಾಡಿ ನೋಡಿದೆ. "ನಿಮ್ಮದು ಬೇರೆ ರೋಗ ಸ್ವಾಮಿ, ನೀವು ಸುಮ್ಮನೆ ಮೂಗಿನ ಡಾಕ್ಟರ ಹತ್ತಿರ ಹೋಗಿ" ಅಂದರು.

ಬಸ್ಸಿನಲ್ಲಿ ಇಬ್ಬರೂ ಬಾಯಿ ಮುಚ್ಚಿ ಆಕಳಿಸುತ್ತ ಬಂದೆವು. ಎದುರು ಕೂತಿದ್ದ ಹೆಂಗಸಿಗೂ ಆಕಳಿಕೆ ಹತ್ತಿತು.

ಸಂಜೆ ಮುಕ್ಕಾಲು ಬಟ್ಟಲು. ಬೆಳ್ಳುಳ್ಳಿ ಬಗ್ಗೆ ಕೇಳಿದಳು. "ಬಣ್ಣ ಸರಿಯಿದೆ. ವಾಸನೆ ಗೊತ್ತಿಲ್ಲ. ನಾಲಿಗೆಗೆ ಒಂಚೂರು ಚುಚ್ಚತ್ತೆ, ಅಷ್ಟು ಮಾತ್ರ ಹೇಳಬಲ್ಲೆ" ಅಂದೆ. ಒಂದು ಬಡಿತ.

ಮಾರ್ಚ್ ೩೧, ಸೋಮವಾರ

ನಲವತ್ತೆರಡು ಆರುನೂರು.

ನಾನು ಡಾಕ್ಟರಿಗೆ ಕೈ ಮುಗಿದೆ. "ಸ್ವೆಟರ್ ಹಾಕ್ಕೊಂಡು ಬಾ ಅಂದಿದ್ದೆ ಇವಳಿಗೆ, ಕೇಳಲಿಲ್ಲ" ಅಂದುಬಿಟ್ಟೆ. ಡಾಕ್ಟರು ನಕ್ಕರು. ಒಂದು ವಾರ ಕೊಟ್ಟಿದ್ದಾರೆ. ಏಳನೇ ತಾರೀಕು. ಇನ್ನು ನಾನೂರು ಗ್ರಾಮು. ಒಂದು ದೊಡ್ಡ ಬ್ರಷ್ಷಿನ ತೂಕ ಇರಬಹುದೇನೋ.

ಆಕಳಿಕೆ ನಡೆಯುತ್ತಿದೆ. ಕಾಫಿ ಪುಡಿ, ಸೋಪು, ನನ್ನ ಕೆಲಸದ ಅಂಗಿ, ಒಂದೊಂದನ್ನೂ ಮೂಗಿಗೆ ಹಿಡಿದು ದವಡೆ ಇಳಿಸುತ್ತಾಳೆ. ಇನ್ನೂ ಏನೂ ಇಲ್ಲ. ಸೋಪನ್ನು ಮಾತ್ರ ತುಂಬ ಹೊತ್ತು ಹಿಡಿದಿದ್ದಳು.

ಏಪ್ರಿಲ್ ೩, ಗುರುವಾರ

ಒಂದು ಬಟ್ಟಲಿಗಿಂತ ಮೇಲೇರುತ್ತಿಲ್ಲ. "ಹೊಟ್ಟೆ ಬೇಡ ಅನ್ನಲ್ಲ, ಬಾಯಿ ಬೇಡ ಅನ್ನತ್ತೆ" ಅಂತ ಬರೆದಳು. ಚೀಸು ಹೆಚ್ಚಿಸಿದೆ. ಜಾಯಿಕಾಯಿ ಹೆಚ್ಚಿಸಿದೆ, ಕಹಿಯಾಯಿತು. ಕೆನೆ ಸೇರಿಸಿದೆ.

ಹಾಸ್ಟೆಲಿನ ಗುರುವಾರಗಳ ಬಗ್ಗೆ ಕೇಳಿದೆ. ಎರಡು ಸ್ಲೇಟು ಬರೆದಳು. ಇನ್ನೂರು ತಟ್ಟೆಗಳ ಸದ್ದು, ಎರಡನೇ ಸಲ ಸಾಲಿಗೆ ಬರುವ ಕಳ್ಳಿಯರು, ತಳ ಕೆರೆದು ತಿನ್ನಲು ಜಗಳವಾಡುವವರು. ಓದಿದೆ. ನಡುವೆ ಎಲ್ಲೂ ನಿಲ್ಲಲಿಲ್ಲ, ಅಷ್ಟು ಚೆನ್ನಾಗಿತ್ತು. ಓದುತ್ತ ಓದುತ್ತ ಆ ಕಳ್ಳಿಯರಿಗೆ ಅವಳು ಬೈಯುವುದೂ ಕೇಳಿಸಿತು.

ಏಪ್ರಿಲ್ ೫, ಶನಿವಾರ

ಮಧ್ಯಾಹ್ನವೇ ಕೆಲಸ ಮುಗಿಯಿತು. ಬೆಳಕಿರುವಾಗಲೇ ಒಲೆ ಹಚ್ಚಿದೆ. ಬೆಣ್ಣೆ, ಬೆಳ್ಳುಳ್ಳಿ, ಮೈದಾ, ಎಲ್ಲ ಕಾರ್ಡಿನ ಪ್ರಕಾರ. ಹಾಲು ಸೇರಿತು, ಗಂಟಿಲ್ಲ. ಕುದಿಯಲು ಬಿಟ್ಟು, ಸ್ಟೂಲಿನ ಮೇಲೆ ಕೂತವಳಿಗೆ ಇವತ್ತಿನ ಕೆಲಸದ ಕಥೆ ಹೇಳತೊಡಗಿದೆ. ಒಬ್ಬ ಮುದುಕಪ್ಪ ಮಲಗುವ ಕೋಣೆಗೆ ಬೆಳಗಿನ ಜಾವದ ಬಣ್ಣ ಬೇಕು ಅಂದ. ಐದು ಷೇಡು ಹಚ್ಚಿ ತೋರಿಸಿದೆ, ಐದೂ ಅಲ್ಲ ಅಂದ. ಏಣಿ ರೋಸಿಹೋಗಿ, "ಅಜ್ಜಾ, ನಾಳೆ ಬೆಳಗಿನ ಜಾವ ಎಬ್ಬಿಸಿ, ಬಂದು ಒಂದು ಡಬ್ಬಿ ತುಂಬ್ಕೊಂಡು ಹೋಗ್ತೀವಿ" ಅಂದ. ಆ ಮುದುಕ ನಿಜವಾಗಿಯೂ, "ಎಷ್ಟು ಗಂಟೆಗೆ ಬರ್ತೀರಿ?" ಅಂತ ಕೇಳಿದ. ನಾನು ಅವನ ಹಾಗೆ ಬಾಗಿ, ಕೈ ಸೊಂಟಕ್ಕಿಟ್ಟು, ಒಲೆಗೆ ಬೆನ್ನು ಮಾಡಿ ಆಡಿ ತೋರಿಸುತ್ತಿದ್ದೆ. ಅವಳು ದವಡೆ ಇಳಿಸಿ ಎತ್ತಿ ತನ್ನ ಆಕಳಿಕೆಯ ಪಾಠ ಮಾಡುತ್ತ ಕೇಳುತ್ತಿದ್ದಳು.

ಎರಡು ಬಡಿತ.

ಕಥೆ ಸಾಕು ಅಂದಳೆಂದುಕೊಂಡೆ. "ತಾಳು, ಮಜಾ ಇರೋದೇ ಈಗ" ಅಂದೆ.

ಎರಡೆರಡು ಬಡಿತ. ಟಕಟಕ ಟಕಟಕ. ಸ್ಟೂಲಿನಿಂದ ಎದ್ದುಬಿಟ್ಟಳು. ಚಮಚ ನನ್ನ ಬೆನ್ನ ಹಿಂದಕ್ಕೆ ತೋರಿಸುತ್ತಿತ್ತು. ಇನ್ನೊಂದು ಕೈಯಿಂದ ಮೂಗು ಮುಟ್ಟಿ ಮುಟ್ಟಿ ತೋರಿಸಿದಳು. ಕಣ್ಣು ಇಷ್ಟಗಲ.

ತಿರುಗಿದೆ. ಮೇಲೆ ಬೆಳ್ಳಗೇ ಇತ್ತು. ಹೊಗೆಯೂ ಇರಲಿಲ್ಲ. ಸೌಟು ಹಾಕಿ ತಳ ಕೆರೆದೆ. ಕಂದು ಚೂರುಗಳು ಮೇಲೆ ಬಂದವು. ತಳ ಹಿಡಿದಿತ್ತು.

ನನ್ನ ಕಣ್ಣಿಗೆ ಕಾಣುವ ಮೊದಲೇ.

"ನಿನಗೆ ಬಂತಾ?" ಅಂದೆ. "ವಾಸನೆ ಬಂತಾ ನಿನಗೆ?"

ಒಂದು ಬಡಿತ. ಆಮೇಲೆ ಇನ್ನೊಂದು, ಬಿಟ್ಟು ಇನ್ನೊಂದು. ಹೌದು, ಹೌದು, ಹೌದು.

ಒಲೆ ಆರಿಸಿದೆ. ಪಾತ್ರೆಯನ್ನು ತೊಟ್ಟಿಗೆ ಸುರಿಯಲು ಹೋದರೆ ಕೈ ಹಿಡಿದಳು. "ಬೇರೆ ಮಾಡ್ತೀನಿ ಕಣೇ, ಇದು ಕಹಿ" ಅಂದೆ. ಕೇಳಬೇಕಲ್ಲ! ಪಾತ್ರೆ ಕಿತ್ತುಕೊಂಡು ಮೇಜಿನ ಮೇಲಿಟ್ಟಳು. ಪಾಸ್ತಾ ಸುರಿದಳು. ಒಂದು ತುತ್ತು, ಬಾಯಿ ಮುಚ್ಚಿ ಒಂದು ಆಕಳಿಕೆ. ಮತ್ತೊಂದು ತುತ್ತು, ಮತ್ತೊಂದು ಆಕಳಿಕೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಬಾಯಿಗೆ ಬಿಡುವಿಲ್ಲ. ಎರಡು ಬಟ್ಟಲು. ಆಮೇಲೆ ಆ ಹಾಸ್ಟೆಲಿನ ಹುಡುಗಿಯರ ಹಾಗೆ ಪಾತ್ರೆಯ ತಳ ಕೆರೆದಳು. ಸೀದ ಸಾಸನ್ನು ಇಷ್ಟು ಆಸೆಯಿಂದ ತಿಂದವರನ್ನು ನಾನು ನೋಡಿಲ್ಲ.

"ಹೇಗಿದೆ?" ಅಂದೆ. ಈ ಸಲ ಕೇಳುವ ಸರದಿ ನನ್ನದು.

ಯೋಚಿಸಿ ಬರೆದಳು: "ಸುಟ್ಟ ಹಾಲು. ಅದರ ಹಿಂದೆ ಬೆಣ್ಣೆ. ಅದರ ಹಿಂದೆ, ದೂರದಲ್ಲಿ, ನಿಮ್ಮ ಅಂಗಿಯ ಟರ್ಪೆಂಟೈನು. ಸ್ನಾನ ಮಾಡಿ."

ಸೋಪು ತೆಗೆದುಕೊಂಡು ಬಚ್ಚಲಿಗೆ ಹೋದೆ. ಬಂದಾಗ ಕತ್ತಿನ ಹತ್ತಿರ ಮುಖ ತಂದು ದವಡೆ ಇಳಿಸಿದಳು. ತುಂಬ ಹೊತ್ತು ಹಾಗೇ ಇದ್ದಳು. "ಹೇಗಿದೆ?" ಅಂದೆ. ಸ್ಲೇಟು ಪಕ್ಕಕ್ಕಿಟ್ಟು ಮತ್ತೊಮ್ಮೆ ದವಡೆ ಇಳಿಸಿದಳು.

ನಾಡಿದ್ದು ತೂಕ. ನಾನೂರು ಗ್ರಾಮಿನಲ್ಲಿ ಇವತ್ತೇ ಎಷ್ಟು ಏರಿತೋ. ಔಷಧಿ ಅಂಗಡಿಗೆ ನಾಳೆ ಹೋಗೋಣವೇ ಅಂದದ್ದಕ್ಕೆ ಎರಡು ಬಡಿತ.

ಈಗ ಮಲಗಿದ್ದಾಳೆ, ಈ ಕಡೆ ಮುಖ ಮಾಡಿ. ಗ್ಯಾಸಿನ ನಾಬು ನೋಡಿ ಬಂದೆ, ಒಂದು ಸಲ. ಒಲೆಯ ಪಕ್ಕ ಸ್ಲೇಟು ಒರಗಿಸಿಟ್ಟಿದ್ದಾಳೆ: "ಹಾಲು ಖಾಲಿ. ಬೆಳಿಗ್ಗೆ ಅರ್ಧ ಲೀಟರ್ ತನ್ನಿ. ಮರೆತ್ರೆ ಗೊತ್ತಲ್ಲ."

ಗೊತ್ತು ಅಂದೆ, ಗಟ್ಟಿಯಾಗಿಯೇ.